ದೇವರ ಫೋಟೊಗಳ ನಡುವೆ ಮೂವತ್ತೆಂಟು ಪಾಠ

ಆ ಶುಕ್ರವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಂದು ಕೂತ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ಬೆನ್ನ ಮೇಲೆ ಮೂರು ಗೆರೆ ವಿಭೂತಿ ಇತ್ತು, ನಡುವೆ ದುಂಡಗೆ ಕುಂಕುಮ. ಆಯುಧಪೂಜೆ ಮುಗಿದು ತಿಂಗಳಾಗಿದ್ದರೂ ಯಾರೂ ಒರೆಸಿರಲಿಲ್ಲ. ತಂದವರು ತಲೆಯ ಮೇಲೆ ದುಪಟ್ಟಾ ಹೊದ್ದ ತುಂಬುಗರ್ಭಿಣಿ, ಹರಿಹರದ ಒಂದು ಕಿವುಡ ಮಕ್ಕಳ ಶಾಲೆಯ ವಿಜ್ಞಾನದ ಟೀಚರು. ಅವರ ಹಿಂದೆ ಅವರ ತಾಯಿ, ಕೈಯಲ್ಲಿ ಹೊಲಿಗೆ ತುಂಬಿದ ಬಟ್ಟೆ ಚೀಲ.

ನಾನು ದಾವಣಗೆರೆಯಲ್ಲಿ ಮಂಡಿಪೇಟೆ ಹಿಂದಿನ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಗಿರಾಕಿಗೆ ಕುರ್ಚಿ ಕೊಡುವ ಮೊದಲೇ ಬುದ್ಧಿಮಾತು ಕೊಡುವ ಚಾಳಿ ನನ್ನದು. ಅವತ್ತು ಮಾತ್ರ ಟೀಚರ ಸ್ಥಿತಿ ನೋಡಿ ಮೊದಲು ಕುರ್ಚಿ ಎಳೆದೆ.

"ಕೂಡ್ರಿ ಮೇಡಂ. ಏನಾಗೈತೆ ಇದಕ್ಕೆ?"

"ಇದರಾಗಿನ ಪಾಠ ನಿಂತು ನಿಂತು ಓಡ್ತಾವ್ರಿ ಅಣ್ಣಾರೆ. ಸೋಮವಾರದಿಂದ ನಂಗೆ ಹೆರಿಗೆ ರಜೆ, ಅದಕ್ಕೇ ಇಲ್ಲಿ ತವರಿಗೆ ಬಂದೀನಿ. ಸೋಮವಾರದಿಂದ ನಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೆ ಟೀಚರ್ ಅಂದ್ರೆ ಇದೇ."

ಅವರ ಶಾಲೆಯಲ್ಲಿ ವಿಜ್ಞಾನವೂ ಗೊತ್ತಿದ್ದು ಸನ್ನೆ ಭಾಷೆಯೂ ಗೊತ್ತಿರುವವರು ಅವರೊಬ್ಬರೇ. ಬದಲಿಗೆ ಬರುವವರು ಬೋರ್ಡಿನ ಮೇಲೆ ಬರೆಯಬಲ್ಲರು, ಅಷ್ಟೇ. ಮಕ್ಕಳಿಗೆ ಮಾರ್ಚಿನಲ್ಲಿ ಪರೀಕ್ಷೆ. ಹಾಗಾಗಿ ಈ ಹೆಣ್ಣುಮಗಳು ಎರಡು ತಿಂಗಳು ಸಂಜೆಯೆಲ್ಲ ಮೊಬೈಲಿನ ಮುಂದೆ ನಿಂತು, ಉಳಿದ ಪುಸ್ತಕವನ್ನೆಲ್ಲ ಸನ್ನೆಯಲ್ಲಿ ಹೇಳಿ ಮೂವತ್ತೆಂಟು ಪಾಠ ರೆಕಾರ್ಡ್ ಮಾಡಿದ್ದರು. ಬೆರಳು ಮಸುಕಾಗಬಾರದೆಂದು ಅತಿ ಹೆಚ್ಚಿನ ಕ್ವಾಲಿಟಿ. ಒಂದೊಂದು ಪಾಠವೂ ಇಪ್ಪತ್ತೈದು ನಿಮಿಷ, ಆರು ಜಿಬಿ. ಫೋನಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು, ಅಂದಂದಿನದನ್ನು ಅಂದಂದೇ ಶಾಲೆಯ ಈ ಡಿಸ್ಕಿಗೆ ಹಾಕಿ ಫೋನಿನಿಂದ ಅಳಿಸಿದ್ದರು.

ಡಿಸ್ಕನ್ನು ಅಂಗಡಿಯ ಟಿವಿಗೆ ಚುಚ್ಚಿ ವಿದ್ಯುತ್ತಿನ ಪಾಠ ಹಾಕಿದೆ. ಪರದೆಯ ಮೇಲೆ ಟೀಚರ ಕೈಗಳು ಸರಸರ ಓಡುತ್ತಿದ್ದವು. ಆಗಾಗ ಚಿತ್ರ ಅರೆಗಳಿಗೆ ತಡೆದು ಮುಂದಕ್ಕೆ ಜಿಗಿಯುತ್ತಿತ್ತು. ಇಷ್ಟೇನಾ ಅನ್ನಿಸಿತು ನನಗೆ. ಆದರೆ ನನ್ನ ಪಕ್ಕದಲ್ಲಿ ಕೂತಿದ್ದ ಅವರ ತಾಯಿ ಪ್ರತಿ ಜಿಗಿತಕ್ಕೂ ಬಲಗೈ ಎತ್ತತೊಡಗಿದರು. ಐದು ನಿಮಿಷದಲ್ಲಿ ಹನ್ನೊಂದು ಸಲ ಎತ್ತಿದರು.

"ಅಮ್ಮಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ರಿ," ಅಂದರು ಟೀಚರು. "ನನಗೆ ಸನ್ನೆ ಕಲಿಸಿದ್ದೇ ಅವರು. ಒಂದೊಂದು ಮಾತು ನುಂಗಿ ಹೋದಾಗ ಕೈ ಎತ್ತಾಕತ್ಯಾರ ನೋಡ್ರಿ. ಈಗ ಹೋತಲ್ಲ, ಅಲ್ಲಿ ನಾನು ಹೇಳಿದ್ದು, ತಂತಿ ಉದ್ದ ಆದಷ್ಟೂ ರೋಧ ಜಾಸ್ತಿ ಅಂತ. ಆ 'ಜಾಸ್ತಿ' ಅನ್ನೋದೇ ಇಲ್ಲ. ಮಕ್ಕಳು ಕಮ್ಮಿ ಅಂತ ತಿಳ್ಕಂಡ್ರೆ ಏನು ಮಾಡ್ಲಿ?"

ನಮ್ಮ ಟಿವಿಯಲ್ಲಿ ಚಿತ್ರ ತಡೆದರೂ ಮಾತು ಕಿವಿಗೆ ಬೀಳುತ್ತದೆ. ಈ ಮಕ್ಕಳಿಗೆ ಚಿತ್ರವೇ ಮಾತು. ಅದು ತಲೆಗೆ ಹೋದಮೇಲೆ ನನ್ನ ಬೆನ್ನು ನೆಟ್ಟಗಾಯಿತು.

"ಮಕ್ಕಳು ಇದಕ್ಕೆ ಏನಂತಾರೆ ಗೊತ್ತೇನ್ರಿ?" ಟೀಚರು ಮುಷ್ಟಿಯನ್ನು ಗಂಟಲ ಹತ್ತಿರ ಹಿಡಿದು ಎರಡು ಸಲ ಮೇಲಕ್ಕೆ ಕುಲುಕಿದರು. "ಟೀಚರಿಗೆ ಬಿಕ್ಕಳಿಕೆ, ಅಂತಾರೆ." ನಗುತ್ತಲೇ ಹೇಳಿದರು, ಆದರೆ ಕಣ್ಣು ನಗಲಿಲ್ಲ.

ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಒಟ್ಟು ಒಂಬೈನೂರ ಮೂವತ್ತೊಂದು ಜಿಬಿ. ಖಾಲಿ ಇದ್ದದ್ದು ಹತ್ತೂ ಇಲ್ಲ. ಪಾಠಗಳು ಎಷ್ಟು ತುಂಡಾಗಿ ಕೂತಿವೆ ಎಂದು ತೋರಿಸುವ ಪ್ರೋಗ್ರಾಂ ಓಡಿಸಿದೆ. ಮೊದಲಿನ ಮೂವತ್ತನಾಲ್ಕು ಪಾಠ ಹತ್ತಿಪ್ಪತ್ತು ತುಂಡು, ಚಿಂತೆಯಿಲ್ಲ. ಕೊನೆಯ ನಾಲ್ಕು ಪಾಠಗಳ ಮುಂದೆ ಬಂದ ಸಂಖ್ಯೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟೆ. ವಿದ್ಯುತ್ತಿನ ಪಾಠವೊಂದೇ ನಲವತ್ತು ಸಾವಿರ ತುಂಡು!

ಖುಷಿಯಾಯಿತು ಎಂದರೆ ತಪ್ಪು ತಿಳಿಯಬೇಡಿ. ಚೆದುರಿದ ತುಂಡುಗಳನ್ನು ಒಂದೆಡೆ ಜೋಡಿಸುವ ಡಿಫ್ರ್ಯಾಗ್ ಅನ್ನುವ ಕೆಲಸವನ್ನು ನನ್ನ ಅಂಗಡಿಯಲ್ಲಿ ಯಾರೂ ಕೇಳದೆ ಎಷ್ಟೋ ವರ್ಷವಾಗಿತ್ತು. ಈಗಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ, ಅವಕ್ಕೆ ಈ ಉಪಚಾರ ಬೇಕಿಲ್ಲ. ಹಳೆಯ ಕಾಲದಲ್ಲಿ ಪರದೆ ತುಂಬ ಬಣ್ಣಬಣ್ಣದ ಚೌಕಗಳು ಅಲ್ಲಿಂದಿಲ್ಲಿಗೆ ಹಾರಿ ಸಾಲಾಗಿ ಕೂರುವುದನ್ನು ನಾನು ಊಟ ಬಿಟ್ಟು ನೋಡುತ್ತಿದ್ದೆ. ಗರಡಿ ಬಿಟ್ಟ ಪೈಲ್ವಾನನನ್ನು ಮತ್ತೆ ಅಖಾಡಕ್ಕೆ ಕರೆದ ಹಾಗಾಯಿತು, ಕೈ ತುರಿಸತೊಡಗಿತು.

ಟೀಚರಿಗೆ ವಿವರಿಸಲು ಶುರು ಮಾಡಿದೆ. ಡಿಸ್ಕಿನ ಒಳಗೆ ತಟ್ಟೆ ತಿರುಗುತ್ತದೆ, ಮೇಲೊಂದು ಸಣ್ಣ ಮುಳ್ಳು ಓಡಾಡಿ ಓದುತ್ತದೆ. ಪಾಠ ಒಂದೇ ಕಡೆ ಇದ್ದರೆ ಮುಳ್ಳು ಸಲೀಸಾಗಿ ಓದುತ್ತಾ ಹೋಗುತ್ತದೆ. ಒಂದು ಸೀರೆಯನ್ನು ನಲವತ್ತು ಸಾವಿರ ತುಂಡು ಮಾಡಿ ಊರೆಲ್ಲ ಬಚ್ಚಿಟ್ಟು, ಉಡುವ ಹೊತ್ತಿಗೆ ಹುಡುಕಿ ತಾ ಅಂದರೆ ಏನಾಗುತ್ತದೆ? ತುಂಡು ಸಿಗುವ ತನಕ ಟಿವಿ ಕಾಯುತ್ತದೆ, ಅದೇ ಬಿಕ್ಕಳಿಕೆ. ಟೀಚರು ಇದನ್ನು ತಾಯಿಗೆ ಸನ್ನೆಯಲ್ಲಿ ಹೇಳಿದರು. ತಾಯಿ ನನ್ನನ್ನೇ ನೋಡಿ, ಬಾಯಿಯ ಹತ್ತಿರ ಹೆಬ್ಬೆರಳಿಗೆ ನಾಲ್ಕು ಬೆರಳು ಪಟಪಟ ಬಡಿದು ಏನೋ ಅಂದರು. ಟೀಚರ ಮುಖ ಕೆಂಪಾಯಿತು.

"ಏನಂತಾರ್ರಿ?"

"ಏನಿಲ್ಲ ಬಿಡ್ರಿ... ಸೀರೆ ಕತ್ತರಿಸಿದೋರು ಯಾರು ಅಂತ ಕೇಳ್ತಾರೆ."

ತಾಯಿ ಟೈಲರು, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಕತ್ತರಿಸಿದವರನ್ನು ಹುಡುಕಿದೆ. ಡಿಸ್ಕಿನಲ್ಲಿ ಹೆಡ್‌ಮಾಸ್ತರರ ಫೋನಿನ ಬ್ಯಾಕಪ್ ಇತ್ತು. ಅವರು ಸೇಫ್ಟಿಗೆಂದು ಆಗಾಗ ಇಡೀ ಫೋನನ್ನು ಹೊಸ ಫೋಲ್ಡರಿಗೆ ಸುರಿದಿದ್ದರು, ಐದು ಸಲ. ಅದರಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆ ಎದ್ದವರೆಲ್ಲ ಕಳಿಸುವ ಗುಡ್ ಮಾರ್ನಿಂಗ್ ಚಿತ್ರ. ಕೊನೆಯ ನಾಲ್ಕು ಪಾಠಕ್ಕೆ ಜಾಗವಿಲ್ಲದೆ ಟೀಚರು ಅವನ್ನು ಅಳಿಸಲು ಅನುಮತಿ ಕೇಳಿದಾಗ, ಹೆಡ್‌ಮಾಸ್ತರು ಒಂದು ಷರತ್ತು ಹಾಕಿದ್ದರಂತೆ: ದೇವರು ಇರುವ ಫೋಟೊ ಅಳಿಸಬಾರದು. ಟೀಚರು ಅಕ್ಷರಶಃ ಪಾಲಿಸಿದ್ದರು. ದಿನಾ ಕೂತು ಹೂವು, ಚಹಾದ ಕಪ್ಪು, ಸೂರ್ಯೋದಯ ಎಲ್ಲ ಆರಿಸಿ ಆರಿಸಿ ತೆಗೆದು, ದೇವರನ್ನೆಲ್ಲ ಬಿಟ್ಟಿದ್ದರು. ಹೀಗಾಗಿ ಡಿಸ್ಕಿನ ತುಂಬ ಒಂದು ದೇವರು, ಒಂದು ಸಣ್ಣ ಖಾಲಿ ಗುಂಡಿ, ಮತ್ತೊಂದು ದೇವರು, ಮತ್ತೊಂದು ಗುಂಡಿ. ಪಾಠಗಳು ಆ ಗುಂಡಿಗಳಲ್ಲಿ ಚೂರುಚೂರಾಗಿ ಹೋಗಿ ಕೂತಿದ್ದವು. ನಾನು ಹೊಟ್ಟೆ ಹಿಡಿದು ನಕ್ಕೆ. ಟೀಚರು ತಾಯಿಗೆ ಹೇಳಿದರು, ಅವರೂ ಭುಜ ಕುಣಿಸಿ ನಕ್ಕರು.

"ಆ ನಾಕು ಪಾಠ ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ರೆ ನಡೀತೈತಲ್ರಿ?" ಅಂದರು ಟೀಚರು.

ನಡೆಯುತ್ತಿತ್ತು. ಇವತ್ತು ಒಪ್ಪಿಕೊಳ್ಳುತ್ತೇನೆ, ಬಹುಶಃ ನಡೆಯುತ್ತಿತ್ತು. ಆದರೆ ನಲವತ್ತು ಸಾವಿರ ತುಂಡು ಕಣ್ಣೆದುರು ಇರುವಾಗ ಪೆನ್‌ಡ್ರೈವ್ ಎಂಬ ಮಾತು ನನಗೆ ಅವಮಾನದಂತೆ ಕೇಳಿಸಿತು. "ಕಾಲಿಗೆ ಮುಳ್ಳು ಚುಚ್ಚಿದ್ರೆ ಮುಳ್ಳು ತೆಗೀಬೇಕು ಮೇಡಂ. ಚಪ್ಪಲಿ ಬದಲಾಯಿಸಿದ್ರೆ ಆಗಲ್ಲ," ಅಂದೆ. "ಪಾಠದ ಬ್ಯಾಕಪ್ ಐತಲ್ರಿ?"

"ಐತ್ರಿ, ಎಲ್ಲಾದಕ್ಕೂ ಐತೆ."

ಎಲ್ಲಿದೆ ಎಂದು ನಾನು ಕೇಳಲಿಲ್ಲ. ಬಂದವರಿಗೆಲ್ಲ ಬ್ಯಾಕಪ್ಪಿನ ಪುರಾಣ ಹೇಳುವವನು, ಅವತ್ತು ಕೇಳಲಿಲ್ಲ.

ಡಿಫ್ರ್ಯಾಗ್ ಆಗಬೇಕಾದರೆ ತುಂಡುಗಳನ್ನು ಅತ್ತಿತ್ತ ಸರಿಸಲು ಜಾಗ ಬೇಕು, ನೂರಕ್ಕೆ ಹದಿನೈದರಷ್ಟಾದರೂ ಖಾಲಿ ಇರಬೇಕು. ಹೆಡ್‌ಮಾಸ್ತರಿಗೆ ಫೋನು ಹಚ್ಚಿದೆ.

"ಸರ್, ನಿಮ್ಮ ಫೋನಿನ ಫೋಟೊ ಒಂದೊಂದೂ ಐದೈದು ಸಲ ಅದಾವು. ತೆಗೀಬೇಕು."

"ದೇವರ ಫೋಟೊ ಮಾತ್ರ ಬ್ಯಾಡ್ರಿ. ಮನಸ್ಸಿಗೆ ಒಂಥರ ಆಗ್ತೈತೆ."

"ಗಣಪತಿ ಕೂಡಿಸ್ತೀವಿ. ಪೂಜೆ ಆದಮ್ಯಾಲೆ ನೀರಿಗೆ ಬಿಡ್ತೀವೋ ಇಲ್ಲೋ ಸರ್?"

"ಬಿಡ್ತೀವಿ."

"ಇವೂ ಹಂಗೇ. ಒಂದೊಂದು ಇಟ್ಕಂಡು ನಾಕು ನಾಕು ಬಿಡಾನ. ಎಲ್ಲಾ ದೇವರೂ ಇರ್ತಾರೆ, ಗದ್ದಲ ಮಾತ್ರ ಕಮ್ಮಿ ಆಗ್ತೈತೆ."

"ಆತು. ಆದ್ರೆ ಇವತ್ತು ಶುಕ್ರವಾರ, ಲಕ್ಷ್ಮೀ ಫೋಟೊ ನಾಳೆ ಬಿಡ್ರಿ."

ಲಕ್ಷ್ಮಿಯನ್ನು ಎಲ್ಲಿಂದ ಹುಡುಕಲಿ? ಆದರೂ ಮಾತು ಕೊಟ್ಟಮೇಲೆ ಆಯಿತು. ಚಿತ್ರಗಳನ್ನು ಸಾಲಾಗಿ ಹರಡಿದೆ, ಟೀಚರ ತಾಯಿ ಪರದೆಯ ಮೇಲೆ ಬೆರಳಿಟ್ಟು ಕಮಲದ ಮೇಲೆ ಕೂತವರನ್ನೆಲ್ಲ ಒಂದು ಕಡೆ ಮಾಡಿಸಿದರು. ಹೆಡ್‌ಮಾಸ್ತರರ ಐದು ಫೋಲ್ಡರುಗಳಲ್ಲಿ ಮಾತ್ರ, ಉಳಿದದ್ದರಲ್ಲಿ ಒಂದೇ ಥರದ್ದನ್ನು ಹುಡುಕಿ ತೆಗೆಯುವ ಪ್ರೋಗ್ರಾಂ ಓಡಿಸಿದೆ. ಫೋಟೊ, ಫಾರ್ವರ್ಡ್ ವಿಡಿಯೊ, ಯಾರದೋ ಮದುವೆಯ ವಿಡಿಯೊ ಸೇರಿ ನೂರ ಎಂಬತ್ತು ಜಿಬಿ ಖಾಲಿಯಾಯಿತು. ಮಧ್ಯಾಹ್ನ ಎರಡಕ್ಕೆ ತಾಯಿ ಮಗಳು ಡಾಕ್ಟರ ಹತ್ತಿರ ತಪಾಸಣೆಗೆ ಹೊರಟರು. ನಾನು ಡಿಫ್ರ್ಯಾಗ್ ಬಟನ್ ಒತ್ತಿದೆ.

ಆ ಎರಡು ತಾಸಿನ ಸುಖವನ್ನು ಹೇಗೆ ಹೇಳಲಿ. ಕೆಂಪು ಚೌಕಗಳು ಒಂದೊಂದಾಗಿ ಕರಗಿ ನೀಲಿ ಸಾಲು ಬೆಳೆಯುತ್ತಿತ್ತು. ಪಕ್ಕದ ಝೆರಾಕ್ಸ್ ಅಂಗಡಿಯವನನ್ನು ಕರೆದು ತೋರಿಸಿದೆ. ಅವನು ಎರಡು ನಿಮಿಷ ನೋಡಿ, "ಇದರಾಗ ನೋಡೋದು ಏನೈತೆ?" ಎಂದು ಹೋದ. ಅರಸಿಕ. ಒಂದು ಸಂಗತಿ ಮಾತ್ರ ಕಣ್ಣಿಗೆ ಚುಚ್ಚಿತ್ತು, ಡಿಸ್ಕ್ ಬಹಳ ನಿಧಾನವಿತ್ತು. ಈ ಥರದ ಕೇಬಲ್ಲಿನಲ್ಲಿ ಸೆಕೆಂಡಿಗೆ ನೂರು ಎಂಬಿ ಓಡಬೇಕು, ಇದು ಮೂವತ್ತರ ಮೇಲೆ ಏಳುತ್ತಿರಲಿಲ್ಲ. ವಯಸ್ಸಾಗಿದೆ ಅಂದುಕೊಂಡೆ. ಒಂದು ಸಲ ನಿಲ್ಲಿಸಿ ಕೇಬಲ್ ತೆಗೆದು ನೋಡಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು.

ನಾಲ್ಕೂಕಾಲಿಗೆ ಕಂಪ್ಯೂಟರ್ ಟಿಂಗ್ ಎಂದು ಸದ್ದು ಮಾಡಿತು. ಚೌಕಗಳೆಲ್ಲ ಮಾಯ. ಡಿಸ್ಕ್ ಇಲ್ಲ. ಕೇಬಲ್ ತೆಗೆದು ಮತ್ತೆ ಹಾಕಿದೆ. ಡಿಸ್ಕಿನ ದೀಪ ಮಿಣುಕಿತು, ಪರದೆಯ ಮೇಲೆ ಒಂದೇ ಪ್ರಶ್ನೆ ಬಂತು: ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಆ ಪ್ರಶ್ನೆಗೆ ಹೌದು ಎಂದರೆ ಎಲ್ಲವೂ ಹೋದಂತೆ. ಸರಿಯಾಗಿ ಅದೇ ಹೊತ್ತಿಗೆ ತಾಯಿ ಮಗಳು ಬಾಗಿಲಲ್ಲಿ ನಿಂತಿದ್ದರು. ಟೀಚರ ಕೈಯಲ್ಲಿ ನನಗೆಂದು ತಂದ ಮಿರ್ಚಿ ಮಂಡಕ್ಕಿಯ ಪೊಟ್ಟಣ.

"ಮುಗೀತೇನ್ರಿ ಅಣ್ಣಾರೆ?"

"ಮೇಡಂ, ಆ ಬ್ಯಾಕಪ್ ಅಂದ್ರಲ್ಲ. ಅದು ಎಲ್ಲೈತೆ?"

"ಅದರಾಗೇ ಐತಲ್ರಿ. 'ಪಾಠ ಕಾಪಿ' ಅಂತ ಬ್ಯಾರೆ ಫೋಲ್ಡರ್ ಮಾಡೀನಿ."

ಅದೇ ಡಿಸ್ಕಿನಲ್ಲಿ. ಮನೆಯ ಬೀಗದ ಎರಡನೇ ಕೀಲಿಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ. ಅವತ್ತು ಆಗಿದ್ದನ್ನು ಹೇಳಿದೆ, ಬ್ಯಾಕಪ್ ಎಲ್ಲಿದೆ ಎಂದು ಕೇಳದೆ ಕೈ ಹಾಕಿದ್ದು ನನ್ನ ತಪ್ಪು ಎಂದೂ ಹೇಳಿದೆ. ಟೀಚರು ಅಳಲಿಲ್ಲ, ಬೈಯಲಿಲ್ಲ. ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತರು. "ಮತ್ತೆ ಮೂವತ್ತೆಂಟು ಪಾಠ ಮಾಡಾಕೆ ನನ್ನ ಹತ್ರ ದಿನ ಇಲ್ರಿ," ಎಂದಷ್ಟೇ ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾತು ನಿಂತ ಮೇಲೆ ಕಣ್ಣು ಕೆಲಸ ಮಾಡಿತು. ಡಿಸ್ಕನ್ನು ದೀಪದ ಕೆಳಗೆ ಹಿಡಿದು, ಕೇಬಲ್ ಹೋಗುವ ಕಿಂಡಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಕೆಂಪಗಿತ್ತು. ಅರ್ಧ ಕಿಂಡಿಯೊಳಗೆ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು.

"ಪೂಜೆ ದಿನ ಹೆಡ್‌ಮಾಸ್ತರು ನೀರಾಗ ಕಲಸಿ ಹಚ್ಚಿದ್ರು," ಅಂದರು ಟೀಚರು. "ಕಂಪ್ಯೂಟರಿಗೂ ಹಚ್ಚಿದ್ರು, ಶಾಲೆ ಬೆಲ್ಲಿಗೂ ಹಚ್ಚಿದ್ರು."

ಈ ಕಿಂಡಿಯಲ್ಲಿ ಎರಡು ಭಾಗ. ಒಂದು ಭಾಗ ಕೆಟ್ಟರೂ ಇನ್ನೊಂದರಿಂದ ಡಿಸ್ಕ್ ಕುಂಟುತ್ತಾ ಓಡುತ್ತದೆ, ಅದಕ್ಕೇ ಆ ಮೂವತ್ತರ ನಡಿಗೆ. ಎರಡು ತಾಸು ಎಡೆಬಿಡದೆ ದುಡಿದು ಬಿಸಿಯಾಗಿ, ಕುಂಕುಮ ಹಿಡಿದ ಸಂಪರ್ಕ ಕೊನೆಗೆ ಪೂರ್ತಿ ಕಡಿದಿತ್ತು. ಡಿಸ್ಕಿನ ಒಳಗು ಸತ್ತಿಲ್ಲ ಎಂಬ ಆಸೆ ಚಿಗುರಿತು. ಸ್ಪಿರಿಟ್ ಬಾಟಲಿ ತೆಗೆದೆ, ಬ್ರಷ್ ತೆಗೆದೆ. ಬ್ರಷ್ಷಿನ ಕೂದಲು ದಪ್ಪ, ಒಳಗೆ ಹೋಗಲಿಲ್ಲ. ಸೂಜಿ ಹಾಕಿದರೆ ಒಳಗಿನ ತಗಡಿನ ಎಳೆಗಳು ಬಾಗುತ್ತವೆ.

ಆಗ ಟೀಚರ ತಾಯಿ ನನ್ನ ಕೈಯಿಂದ ಡಿಸ್ಕ್ ತೆಗೆದುಕೊಂಡರು. ಚೀಲದಿಂದ ದಾರದ ಉಂಡೆ ತೆಗೆದು, ನಾಲ್ಕು ಎಳೆ ಹೊಸೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಕಿಂಡಿಯ ಒಂದೊಂದು ಮೂಲೆಗೂ ದಾರ ತೂರಿಸಿ ಮೆಲ್ಲಗೆ ಎಳೆದರು. ಬಿಳಿ ದಾರ ಕೆಂಪಾಗಿ ಹೊರಗೆ ಬಂತು. ಅದನ್ನು ಎಸೆದು ಮತ್ತೊಂದು ಹೊಸೆದರು. ಸುಮಾರು ಅರ್ಧ ಗಂಟೆ ಅವರ ಬೆರಳು ಒಂದು ಸಲವೂ ತಪ್ಪಲಿಲ್ಲ. ಒಂಬತ್ತನೆಯ ದಾರ ಬೆಳ್ಳಗೇ ಹೊರಬಂದಾಗ ನನ್ನ ಮುಂದೆ ಹಿಡಿದು ತೋರಿಸಿದರು.

ಸ್ಪಿರಿಟ್ ಆರುವ ತನಕ ಕಾದು ಹೊಸ ಕೇಬಲ್ ಹಾಕಿದೆ. ಡಿಸ್ಕ್ ಕಾಣಿಸಿತು. ಫೋಲ್ಡರುಗಳು ಒಂದೊಂದಾಗಿ ತೆರೆದುಕೊಂಡವು. ಟೀಚರು "ಅಲ್ಲಾ" ಎಂದು ಉಸಿರು ಬಿಟ್ಟರು. ನಾನು ಮೇಜಿಗೆ ಹಣೆ ಹಚ್ಚಿದೆ, ನಾಚಿಕೆಯೇನಿಲ್ಲ.

ಡಿಫ್ರ್ಯಾಗ್ ಪ್ರೋಗ್ರಾಂ ಅಲ್ಲೇ ತೆರೆದಿತ್ತು. ಅರ್ಧಕ್ಕಿಂತ ಹೆಚ್ಚು ನೀಲಿಯಾಗಿತ್ತು. ಈಗ ಡಿಸ್ಕ್ ನೂರರ ಮೇಲೆ ಓಡುತ್ತಿದೆ, ಒತ್ತಿದರೆ ಮುಗಿದೇಹೋಗುತ್ತದೆ ಎಂದು ಮನಸ್ಸು ಎಳೆಯಿತು. ಬೆರಳು ಮೌಸಿನ ಮೇಲೆ ಇತ್ತು. ಆದರೆ ಟೀಚರು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದು ಕಣ್ಣಿನಿಂದ ಹೋಗಿರಲಿಲ್ಲ. ಪ್ರೋಗ್ರಾಂ ಮುಚ್ಚಿದೆ. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡುವುದು, ಆಮೇಲೆ ಇದನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ ಪಾಠಗಳನ್ನು ಸಾಲಾಗಿ ವಾಪಸು ಹಾಕುವುದು. ಖಾಲಿ ಡಿಸ್ಕಿಗೆ ಬರೆದರೆ ಯಾವುದೂ ತುಂಡಾಗುವುದಿಲ್ಲ. ಡಿಫ್ರ್ಯಾಗ್ ಮಾಡದೆಯೇ ಡಿಫ್ರ್ಯಾಗ್ ಆಗುತ್ತದೆ. ಬಣ್ಣದ ಚೌಕ ಮಾತ್ರ ನೋಡಲು ಸಿಗುವುದಿಲ್ಲ.

ಕಾಪಿಗೆ ಏಳುನೂರೈವತ್ತು ಜಿಬಿ ಜಾಗ ಬೇಕು. ನನ್ನ ಎರಡು ಟಿಬಿ ಡಿಸ್ಕಿನಲ್ಲಿ ಎಂಬತ್ತು ಉಳಿದಿತ್ತು. ಉಳಿದದ್ದರ ಬಹುಪಾಲು 'ಹಳೇದು' ಎಂಬ ಒಂದೇ ಫೋಲ್ಡರು. ಈಗ ಯಾರ ಮನೆಯಲ್ಲೂ ಇಲ್ಲದ ಪ್ರಿಂಟರುಗಳ ಡ್ರೈವರು, ಸತ್ತ ಕಂಪ್ಯೂಟರುಗಳ ಪೂರ್ತಿ ಪ್ರತಿ, ಎಂದಾದರೂ ಬೇಕಾದೀತು ಎಂದು ಜೋಡಿಸಿಟ್ಟ ಸಿಡಿಗಳು. ವರ್ಷಗಟ್ಟಲೆ ಕೂಡಿಟ್ಟದ್ದು. ಹೆಡ್‌ಮಾಸ್ತರಿಗೆ ವಿಸರ್ಜನೆಯ ಬೋಧನೆ ಮಾಡಿದವನು ನಾನೇ ತಾನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನನಗೇ ತಿರುಗಿ ಬಂತು.

"ಅದೂ ದೇವರ ಫೋಟೊನೇನ್ರಿ?" ಟೀಚರು ಕೇಳಿದರು. ಮಧ್ಯಾಹ್ನದಿಂದ ಈಚೆಗೆ ಅವರು ನಕ್ಕಿದ್ದು ಅದೇ ಮೊದಲು.

"ನನ್ನವು," ಅಂದೆ, ಅಳಿಸಿದೆ. ಸಂಕಟವಾಯಿತು, ಸುಳ್ಳು ಹೇಳಲಾರೆ. ಆಮೇಲೆ ಮಿರ್ಚಿ ತಿಂದೆ.

ಸಂಜೆ ಏಳೂವರೆಗೆ ಪಾಠಗಳು ಕಾಪಿಯಾದವು, ಉಳಿದದ್ದಕ್ಕೆ ಯುಪಿಎಸ್ ಕಾವಲು ಹಾಕಿ ಮನೆಗೆ ಹೋದೆ. ಶನಿವಾರ ಬೆಳಿಗ್ಗೆ ಹೆದರುತ್ತಲೇ ಒಂದು ಪರೀಕ್ಷೆ ಮಾಡಿದೆ. ಒಂದು ಕಡತದ ಒಳಗಿನದ್ದನ್ನೆಲ್ಲ ಓದಿ ಬೆರಳಚ್ಚಿನಂಥ ಸಂಖ್ಯೆ ತೆಗೆಯುವ ಪ್ರೋಗ್ರಾಂ ಇದೆ. ಎರಡು ಕಡತ ಚೂರೂ ಬಿಡದೆ ಒಂದೇ ಥರ ಇದ್ದರೆ ಸಂಖ್ಯೆಯೂ ಒಂದೇ. 'ಪಾಠ' ಫೋಲ್ಡರನ್ನೂ 'ಪಾಠ ಕಾಪಿ' ಫೋಲ್ಡರನ್ನೂ ಎದುರುಬದುರು ಇಟ್ಟು ಹೋಲಿಸಿದೆ. ಮೂವತ್ತೇಳು ಒಂದೇ ಇದ್ದವು. ಬೆಳಕಿನ ಪ್ರತಿಫಲನದ ಪಾಠ ಮಾತ್ರ ಬೇರೆ ಬೇರೆ ಸಂಖ್ಯೆ ಕೊಟ್ಟಿತು. ಡಿಸ್ಕ್ ಕಡಿದುಹೋದ ಗಳಿಗೆಯಲ್ಲಿ ಡಿಫ್ರ್ಯಾಗ್ ಅದನ್ನೇ ಸರಿಸುತ್ತಿದ್ದಿರಬೇಕು.

ತಾಯಿ ಮಗಳು ಬಂದ ಮೇಲೆ ಎರಡನ್ನೂ ಹಾಕಿ ನೋಡಿದೆವು. ಮೊದಲನೆಯದರಲ್ಲಿ ಹತ್ತನೇ ನಿಮಿಷಕ್ಕೆ ಟೀಚರ ಕೈಗಳು ಹಸಿರು ಚೌಕಗಳಾಗಿ ಒಡೆದುಹೋದವು. ನಾಲ್ಕು ಸೆಕೆಂಡು ಏನೂ ಇಲ್ಲ. 'ಪಾಠ ಕಾಪಿ'ಯಲ್ಲಿದ್ದದ್ದು ಅದೇ ಜಾಗದಲ್ಲಿ ಸ್ವಚ್ಛವಾಗಿ ಓಡಿತು. ಯಾವ ಕಾಪಿಯನ್ನು ನಾನು ಮನಸ್ಸಿನಲ್ಲೇ ಗೇಲಿ ಮಾಡಿದ್ದೆನೋ ಅದೇ ನನ್ನ ಮಾನ ಉಳಿಸಿತ್ತು.

"ಮೇಡಂ, ನಿಮ್ಮ ಕಾಪಿ ಇರದಿದ್ರೆ ನಾನು ಈ ಪಾಠ ಕೊಂದುಬಿಡ್ತಿದ್ದೆ," ಅಂದೆ.

"ಬಿಡ್ರಿ ಅಣ್ಣಾರೆ. ಇಬ್ಬರೂ ಅರ್ಧ ಅರ್ಧ ತಪ್ಪು ಮಾಡೀವಿ," ಅಂದರು ಟೀಚರು.

ಆಮೇಲೆ ಡಿಸ್ಕನ್ನು ಮೂಲೆಮೂಲೆಯೂ ತಪಾಸಣೆಯಾಗುವ ಹಾಗೆ ನಿಧಾನದ ಫಾರ್ಮ್ಯಾಟ್ ಮಾಡಿದೆ. ಕೆಟ್ಟ ಜಾಗ ಒಂದೂ ಇರಲಿಲ್ಲ. ಪುಸ್ತಕದ ಕ್ರಮದಲ್ಲೇ ಒಂದರಿಂದ ಮೂವತ್ತೆಂಟು ಪಾಠ ಹಾಕಿದೆ, ಅವುಗಳ ಹಿಂದೆ ಶಾಲೆಯ ವಾರ್ಷಿಕೋತ್ಸವದ ವಿಡಿಯೊ ಸಾಲಾಗಿ ಹೋಗಲು ಬಿಟ್ಟೆ. ಪಾಠಗಳ ಇನ್ನೊಂದು ಪ್ರತಿ ನನ್ನ ಡಿಸ್ಕಿನಲ್ಲೇ ಇರಲಿ ಎಂದು ಉಳಿಸಿಕೊಂಡೆ. ದೇವರುಗಳಿಗೆ ಕೊನೆಯಲ್ಲಿ ಒಂದು ಫೋಲ್ಡರು, ಒಬ್ಬೊಬ್ಬರಿಗೆ ಒಂದೊಂದೇ ಚಿತ್ರ. ಶನಿವಾರವಾಗಿತ್ತಲ್ಲ, ಲಕ್ಷ್ಮಿಯೂ ಒಬ್ಬಳೇ ಆದಳು.

ಸಂಜೆ ಐದಕ್ಕೆ ತುಂಡು ಎಣಿಸುವ ಪ್ರೋಗ್ರಾಂ ಓಡಿಸಿದೆ. ವಿದ್ಯುತ್ತಿನ ಪಾಠದ ಮುಂದೆ ಬಂದ ಸಂಖ್ಯೆ ಒಂದು. ನಲವತ್ತು ಸಾವಿರ ಇದ್ದದ್ದು ಒಂದು! ಟೀಚರನ್ನು ಕರೆದು ತೋರಿಸಿದೆ, ಝೆರಾಕ್ಸಿನವನನ್ನೂ ಎಳೆದು ತಂದು ತೋರಿಸಿದೆ. ಆದರೆ ಸಂಖ್ಯೆ ನಂಬಿ ಕೂರುವ ಧೈರ್ಯ ನನಗೆ ಉಳಿದಿರಲಿಲ್ಲ. ಡಿಸ್ಕನ್ನು ಟಿವಿಗೆ ಹಾಕಿ ಟೀಚರ ತಾಯಿಯ ಮುಂದೆ ಕುರ್ಚಿ ಎಳೆದು ಕೂತೆ. ನಾನು ಟಿವಿ ನೋಡಲಿಲ್ಲ, ಅವರ ಬಲಗೈಯನ್ನೇ ನೋಡುತ್ತಿದ್ದೆ. ಐದು ನಿಮಿಷ, ಹತ್ತು ನಿಮಿಷ, ಆ ಕೈ ಮಡಿಲಿನಲ್ಲೇ ಇತ್ತು. ತಂತಿ ಉದ್ದವಾದಷ್ಟೂ ರೋಧ ಜಾಸ್ತಿಯಾಯಿತು. ಇಪ್ಪತ್ತೈದು ನಿಮಿಷ ಮುಗಿಯುವ ತನಕ ಕೈ ಒಮ್ಮೆಯೂ ಮೇಲೆ ಏಳಲಿಲ್ಲ. ಪಾಠ ಮುಗಿದ ಮೇಲೆ ಎದ್ದಿತು, ಬಂದು ನನ್ನ ಭುಜವನ್ನು ಎರಡು ಸಲ ತಟ್ಟಿತು.

ಭಾನುವಾರ ಇನ್ನುಳಿದದ್ದು ವಾಪಸು ಹೋಗಬೇಕಿದ್ದರಿಂದ ಡಿಸ್ಕ್ ನನ್ನ ಹತ್ತಿರವೇ ಉಳಿಯಿತು. ಅದು ಒಳ್ಳೆಯದೇ ಆಯಿತು. ಭಾನುವಾರ ಮಧ್ಯಾಹ್ನ ಹೆಡ್‌ಮಾಸ್ತರ ಫೋನು.

"ಟೀಚರಿಗೆ ಹೆರಿಗೆ ಆತು ಕಣ್ರೀ, ಹೆಣ್ಣುಮಗು. ಹೇಳಿದ್ದ ದಿನಕ್ಕಿಂತ ಮೊದ್ಲೇ ಆತು. ಇಬ್ಬರೂ ಚೆನ್ನಾಗದಾರೆ. ಡಿಸ್ಕು ನಾಳೆ ನೀವೇ ತರಬೇಕಂತೆ, ಹೇಳಿ ಕಳಿಸ್ಯಾರೆ."

ಸೋಮವಾರ ಅಂಗಡಿಗೆ ಬೀಗ ಹಾಕಿ ಹರಿಹರದ ಬಸ್ಸು ಹತ್ತಿದೆ. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಶಾಲೆಯ ಬಾಗಿಲಲ್ಲೇ ಹೆಡ್‌ಮಾಸ್ತರು ನಿಂತಿದ್ದರು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಹೂವು, ಒದ್ದೆ ಕುಂಕುಮ.

"ಒಳ್ಳೆ ಕೆಲಸಕ್ಕೆ ಸ್ವಲ್ಪ ಹಚ್ಚಿಬಿಡಾನ," ಅಂದರು.

ನಾನು ಡಿಸ್ಕನ್ನು ಬೆನ್ನ ಹಿಂದೆ ಹಿಡಿದೆ. "ಸರ್, ಕುಂಕುಮ ನನಗೆ ಹಚ್ಚಿರಿ. ಇದಕ್ಕೆ ಬ್ಯಾಡ." ನನ್ನ ಹಣೆಗೆ ಹಚ್ಚಿಸಿಕೊಂಡು ಒಳಗೆ ಹೋದೆ.

ತರಗತಿಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ನನ್ನನ್ನು ಕಂಡದ್ದೇ ಮುಂದಿನ ಬೆಂಚಿನ ಹುಡುಗಿ ಬಾಯಿಯ ಹತ್ತಿರ ಹೆಬ್ಬೆರಳಿಗೆ ಬೆರಳು ಪಟಪಟ ಬಡಿದಳು. ಹದಿನಾಲ್ಕು ಮುಖಗಳೂ ನಕ್ಕವು, ಅಷ್ಟೂ ಕೈಗಳು ಬಾಯಿಯ ಹತ್ತಿರ ಬಡಿದವು. ಟೀಚರು ಫೋನಿನಲ್ಲಿ ತಿಳಿಸಿದ್ದನ್ನು ಹೆಡ್‌ಮಾಸ್ತರು ಮುಜುಗರದಿಂದ ವಿವರಿಸಿದರು. ಕಿವುಡರು ತಮ್ಮವರು ಅನ್ನಿಸಿದವರಿಗೆ ಸನ್ನೆಯಲ್ಲೇ ಒಂದು ಹೆಸರು ಇಡುತ್ತಾರೆ. ಟೀಚರ ತಾಯಿ ನನಗೆ ಶುಕ್ರವಾರವೇ ನಾಮಕರಣ ಮಾಡಿದ್ದರು, ಟೀಚರು ವಿಡಿಯೊ ಕಾಲಿನಲ್ಲಿ ಅದನ್ನು ಮಕ್ಕಳಿಗೆ ಮುಟ್ಟಿಸಿದ್ದರು. ಬಾಯಿ ಮುಚ್ಚದವನು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸುವುದಿಲ್ಲವಂತೆ.

ಡಿಸ್ಕ್ ಚುಚ್ಚಿದೆ. ಮಕ್ಕಳು ಕೇಳಿದ್ದು ವಿದ್ಯುತ್ತಿನ ಪಾಠವನ್ನೇ. ಪರದೆಯ ಮೇಲೆ ಅವರ ಟೀಚರು ಬಂದು ಕೈ ಎತ್ತಿ ನಮಸ್ಕಾರ ಮಾಡಿದರು, ಪಾಠ ಶುರುವಾಯಿತು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಹೆಡ್‌ಮಾಸ್ತರು ಏನೋ ಕೇಳಲು ಬಂದರು, ಸುಮ್ಮನಿರಿ ಎಂದು ಬೆರಳು ತೋರಿಸಿದೆ. ಇಪ್ಪತ್ತೈದು ನಿಮಿಷ ನಾನು ತುಟಿ ಬಿಚ್ಚಲಿಲ್ಲ. ಮಕ್ಕಳ ಕಣ್ಣುಗಳು ಟೀಚರ ಕೈಯ ಜೊತೆ ಓಡುತ್ತಿದ್ದವು, ಎಲ್ಲಿಯೂ ತಡೆಯಲಿಲ್ಲ.

ಪಾಠ ಮುಗಿಯಿತು. ಮುಂದಿನ ಬೆಂಚಿನ ಹುಡುಗಿ ತಿರುಗಿ ನನ್ನನ್ನು ನೋಡಿದಳು. ಮೊದಲು ನನ್ನ ಹೆಸರು ಕರೆದಳು. ಆಮೇಲೆ ಮುಷ್ಟಿಯನ್ನು ಗಂಟಲ ಹತ್ತಿರ ತಂದು ಎರಡು ಸಲ ಕುಲುಕಿ, ಅಂಗೈ ಬಿಚ್ಚಿ ಇಲ್ಲ ಎಂದು ಆಡಿಸಿದಳು.

"ಏನಂತಾಳ್ರಿ?" ಹೆಡ್‌ಮಾಸ್ತರು ನನ್ನನ್ನು ಕೇಳಿದರು. ಸನ್ನೆಯ ಶಾಲೆಯಲ್ಲಿ, ನನ್ನನ್ನು.

ಬೆಂಚಿನಿಂದ ಎದ್ದು ಹೇಳಿದೆ. "ಟೀಚರಿಗೆ ಇವತ್ತು ಬಿಕ್ಕಳಿಕೆ ಬರ್ಲಿಲ್ಲ ಅಂತಾಳೆ ಸರ್."